ಟೆನ್ಷನ್ ಆಗಬಾರದು ಅಂತ ಹೇಳಲಿಲ್ಲ ಮೇಡಮ್

2023ರ ಫೆಬ್ರವರಿಯಲ್ಲಿ ಮದ್ದೂರಿನ ಹತ್ತಿರದ ಒಂದು ಗಾರ್ಮೆಂಟ್ಸ್‌ಗೆ ಕ್ವಾಲಿಟಿ ಮ್ಯಾನೇಜರ್ ಆಗಿ ಸೇರಿದಾಗ ನನಗೆ 14 ವಾರ ತುಂಬಿತ್ತು. ಮಂಡ್ಯದ ಮನೆಯಲ್ಲಿ ಅತ್ತೆಯದು ಒಂದೇ ಮಾತು: "ಬಸುರಿ ಹೆಂಗ್ಸು ಇರೋ ಕೆಲ್ಸ ಬುಟ್ಟು ಹೊಸ ಕೆಲ್ಸಕ್ಕೆ ಹೋಯ್ತೀನಿ ಅಂತೀಯಲ್ಲ, ಏನವ್ವ ನಿನ್ ಕಥೆ?"

ಇಂಟರ್‌ವ್ಯೂನಲ್ಲಿ ವಿಷಯ ಎತ್ತಲಿಲ್ಲ. ಆಫರ್ ಲೆಟರ್ ಕೈಗೆ ಬಂದ ಮೇಲೆ, ಸಹಿ ಹಾಕುವ ಮುಂಚೆ, ಫ್ಯಾಕ್ಟರಿ ಮ್ಯಾನೇಜರ್‌ಗೆ ಫೋನ್ ಮಾಡಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಹೆರಿಗೆ ಯಾವಾಗಮ್ಮ?" ಅಂದರು. ಆಗಸ್ಟ್ ಮೊದಲ ವಾರ ಅಂದೆ. "ಸರಿ, ಜೂನ್ ಒಳಗೆ ನಿಮ್ಮ ಜಾಗದಲ್ಲಿ ನಿಲ್ಲೋಕೆ ಒಬ್ಬರನ್ನ ರೆಡಿ ಮಾಡಿ." ವಾದ ಮಾಡಲು ಹಿಂದಿನ ರಾತ್ರಿಯೆಲ್ಲ ಕಟ್ಟಿಕೊಂಡಿದ್ದ ಮಾತು ಹಾಗೇ ಉಳಿಯಿತು.

ಲೆಕ್ಕ ಹಾಕಿಕೊಂಡೇ ಫೋನ್ ಮಾಡಿದ್ದೆ. ಆಗ ಜಾರಿಯಲ್ಲಿದ್ದದ್ದು 1961ರ ಹೆರಿಗೆ ಸೌಲಭ್ಯ ಕಾಯ್ದೆ. 2017ರ ತಿದ್ದುಪಡಿ ಆದ ಮೇಲೆ ಮೊದಲೆರಡು ಮಕ್ಕಳಿಗೆ 26 ವಾರ ಸಂಬಳದ ರಜೆ, ಅದರಲ್ಲಿ ಹೆರಿಗೆಗೆ ಮುಂಚೆ ಹೆಚ್ಚೆಂದರೆ 8 ವಾರ. ಹೊಸದಾಗಿ ಸೇರುವವರು ನೋಡಿಕೊಳ್ಳಬೇಕಾದ ಷರತ್ತು ಬೇರೆಯದು: ಹೆರಿಗೆಯ ನಿರೀಕ್ಷಿತ ದಿನಾಂಕಕ್ಕೆ ಹಿಂದಿನ 12 ತಿಂಗಳಲ್ಲಿ ಆ ಕಂಪನಿಯಲ್ಲಿ 80 ದಿನ ದುಡಿದಿರಬೇಕು. ವಾರಕ್ಕೆ ಆರು ದಿನದಂತೆ ಎಣಿಸಿದರೆ ಜೂನ್ ಕೊನೆಗೆ ನನ್ನದು ನೂರು ದಾಟುತ್ತಿತ್ತು. ಆಗ 21,000 ರೂಪಾಯಿವರೆಗಿನ ಸಂಬಳದವರಿಗೆ ಈ ಹಣ ಇಎಸ್‌ಐ ಅನ್ನುವ ಸರ್ಕಾರಿ ಕಾರ್ಮಿಕ ವಿಮೆಯಿಂದ ಬರುತ್ತಿತ್ತು. ನನ್ನಂಥವರಿಗೆ ಕಂಪನಿಯೇ ಕೊಡಬೇಕು. ಬಸುರಿ ಮ್ಯಾನೇಜರ್ ಅಂದರೆ ಕೆಲವರು ಮುಖ ಸಿಂಡರಿಸುವುದು ಇದಕ್ಕೇ.

ಸೇರಿದ ದಿನವೇ ಮೆತ್ತನೆ ಕುರ್ಚಿ, ಪಕ್ಕದಲ್ಲೊಂದು ಫ್ಯಾನ್. ಬಟ್ಟೆಯ ಕಲೆ ತೆಗೆಯುವ ರೂಮಿನ ಕಡೆ ಸುಳಿಯಬೇಡಿ, ಆ ಕೆಮಿಕಲ್ ವಾಸನೆ ಆಗದು ಅಂತ ಫ್ಯಾಕ್ಟರಿ ಮ್ಯಾನೇಜರೇ ಹೇಳಿದರು. ಸಂತೋಷವಾಯಿತು. ಆದರೆ ಎರಡನೇ ಹೊಲಿಗೆ ಲೈನಿನ ಕೊನೆಯಲ್ಲಿ, ಹೊಲಿದ ಬಟ್ಟೆಯ ದೋಷ ನೋಡುವ ಚೆಕರ್ ಒಬ್ಬಳು, ಐದು ತಿಂಗಳ ಬಸುರಿ, ಬೆಳಿಗ್ಗೆಯಿಂದ ಟೇಬಲ್ ಮುಂದೆ ನಿಂತೇ ಇದ್ದಳು. ತುಂಬ ಹೊತ್ತು ನಿಲ್ಲುವ ಕೆಲಸ ಬೇಡ ಎನ್ನಲು ಕಾಯ್ದೆಯಲ್ಲಿ ಅವಕಾಶ ಇತ್ತು, ಕೊನೆಯ ತಿಂಗಳುಗಳಿಗೆ ಮಾತ್ರ, ಅದೂ ಅವಳಾಗಿ ಕೇಳಿದರೆ. ಕೇಳುವವರು ಯಾರು? ಚೆಕಿಂಗ್ ಟೇಬಲ್ ಎತ್ತರ, ಮಾಮೂಲಿ ಸ್ಟೂಲ್ ಸಾಲದು. ಎತ್ತರದ ಸ್ಟೂಲ್ ಮೂರು ಮಾಡಿಸಲು ಮೂರು ವಾರ ಹಿಡಿಯಿತು. ನನ್ನ ಕುರ್ಚಿಗೆ ಅರ್ಧ ಗಂಟೆಯೂ ಹಿಡಿದಿರಲಿಲ್ಲ.

ಆರನೇ ವಾರ ಸೂಜಿ ಪ್ರಸಂಗ. ಮಕ್ಕಳ ಫ್ರಾಕ್ ಹೊಲಿಯುವ ಲೈನು. ಸೂಜಿ ಮುರಿದರೆ ಚೂರೆಲ್ಲ ಹುಡುಕಿ ರಿಜಿಸ್ಟರ್‌ಗೆ ಅಂಟಿಸಬೇಕು. ಒಂದು ತುಣುಕು ಸಿಗದಿದ್ದರೂ ಆ ಬಂಡಲ್ ಪಕ್ಕಕ್ಕಿಟ್ಟು ನೀಡಲ್ ಡಿಟೆಕ್ಟರ್‌ನಲ್ಲಿ ಹಾಯಿಸಬೇಕು. ಸಂಜೆ ರಿಜಿಸ್ಟರ್ ತೆಗೆದರೆ, ಬೆಳಿಗ್ಗೆ 11ಕ್ಕೆ ಮುರಿದ ಸೂಜಿಯ ತುದಿಯೇ ಇಲ್ಲ. ಬಂಡಲ್ ಫಿನಿಶಿಂಗ್‌ಗೆ ಹೋಗಿಯಾಗಿತ್ತು. ಸೂಪರ್‌ವೈಸರ್ ತಲೆ ತಗ್ಗಿಸಿ, "ನಿಮಗೆ ಟೆನ್ಷನ್ ಆಗಬಾರದು ಅಂತ ಹೇಳಲಿಲ್ಲ ಮೇಡಮ್" ಅಂದ. ಬೈಯಲು ಬಾಯಿ ಬರಲಿಲ್ಲ. ಬೆಳಿಗ್ಗೆ ನನಗೆ ಎಳನೀರು ಕೆತ್ತಿಸಿಕೊಂಡು ಬಂದವನು ಅವನೇ. ರಾತ್ರಿ ಏಳರ ಹೊತ್ತಿಗೆ ಒಂದು ಫ್ರಾಕಿನ ಅಂಚಿನ ಮಡಿಕೆಯಲ್ಲಿ ಆ ತುದಿ ಸಿಕ್ಕಿತು.

ಅಕ್ಕರೆಗೆ ನಾನು ಹೆದರಿದ್ದು ಅವತ್ತೇ. ಮಾರನೇ ದಿನದಿಂದ ಹತ್ತಕ್ಕೂ ಮೂರಕ್ಕೂ ಐದೈದು ನಿಮಿಷ ಎಲ್ಲರೂ ನನ್ನ ಟೇಬಲ್ ಹತ್ತಿರ ಬರಬೇಕು, ಕೆಟ್ಟ ಸುದ್ದಿ ಮಾತ್ರ ಹೇಳಬೇಕು ಅಂದೆ. ಮೊದಲ ವಾರ ಎಲ್ಲರದೂ "ಏನಿಲ್ಲ ಮೇಡಮ್". ಏನಿಲ್ಲ ಅಂದವರ ಲೈನಿಗೆ ನಾನೇ ಹೊಟ್ಟೆ ಹೊತ್ತು ನಡೆದುಹೋಗಿ ನಿಲ್ಲುತ್ತಿದ್ದೆ. ಪಾಪ ಅನಿಸಿಯೋ ಏನೋ, ಎರಡನೇ ವಾರದಿಂದ ನಿಜ ಹೇಳತೊಡಗಿದರು.

ನನ್ನ ಜಾಗಕ್ಕೆ ಅಂತ ಆರಿಸಿದ್ದು ಏಳು ವರ್ಷದಿಂದ ಅಲ್ಲೇ ಇದ್ದ, ಹೆಚ್ಚು ಮಾತಾಡದ ಒಬ್ಬ ಹುಡುಗಿಯನ್ನು. ಮೇ ತಿಂಗಳ ಬಯರ್ ಇನ್‌ಸ್ಪೆಕ್ಷನ್, ಅಂದರೆ ಬಟ್ಟೆ ಕೊಳ್ಳುವವರ ತಪಾಸಣೆ, ಪೂರ್ತಿ ಅವಳಿಗೇ ಬಿಟ್ಟು ಮೂಲೆಯಲ್ಲಿ ಕೂತೆ. 4,000 ಪೀಸಿನ ಲಾಟು. 200 ತೆಗೆದು ನೋಡುತ್ತಾರೆ, ದೊಡ್ಡ ದೋಷ 10ರವರೆಗೆ ಪಾಸು, 11 ಆದರೆ ಫೇಲು. ಹನ್ನೆರಡು ಬಂತು. ಅವಳು ನನ್ನ ಕಡೆ ನೋಡಿದಳು. ಎದ್ದು ಹೋಗಿ ಮಾತಾಡಬೇಕು ಅಂತ ಎಷ್ಟು ಅನಿಸಿತೋ ನನಗೇ ಗೊತ್ತು, ಏಳಲಿಲ್ಲ. ಇಡೀ ಲಾಟು ಮತ್ತೆ ಚೆಕ್ ಮಾಡಿಸುತ್ತೇವೆ, ಎರಡು ದಿನ ಕೊಡಿ ಅಂತ ಅವಳೇ ಕೇಳಿದಳು, ಮಾಡಿಸಿದಳು, ಪಾಸಾಯಿತು.

ಜೂನ್ ಕೊನೆ, ನನ್ನ ಕೊನೆಯ ದಿನ. ಒಂಬತ್ತಕ್ಕೆ ಬಿದ್ದಿತ್ತು. ಕ್ಯಾಂಟೀನಿನಲ್ಲಿ ಹೆಂಗಸರೆಲ್ಲ ಸೇರಿ ಮಡಿಲು ತುಂಬಿ, ಎರಡೂ ಕೈಗೆ ಹಸಿರು ಗಾಜಿನ ಬಳೆ ತೊಡಿಸಿದರು. ಆ ಸಂಭ್ರಮದಲ್ಲೇ ಎಲ್ಲರಿಗೂ ಹೋಗಿಬರುತ್ತೇನೆ ಅನ್ನಲು ಲೈನಿನ ಕಡೆ ನಡೆದೆ. ಬಾಗಿಲಲ್ಲಿ ಆ ಹುಡುಗಿ ಕೈ ಅಡ್ಡ ಇಟ್ಟಳು.

"ಮೇಡಮ್, ಬಳೆ. ಗಾಜು ಒಳಗೆ ಬಿಡೋ ಹಾಗಿಲ್ಲ."