ರಾಮಾ ಗ್ರೀನ್ ಸೀರೆ ಮತ್ತು ನನ್ನ ಮಾನಿಟರ್

ಮಂಡ್ಯದಲ್ಲಿ ನಂದು ಮದುವೆ ಆಲ್ಬಂ ಡಿಸೈನ್ ಮಾಡುವ ಸಣ್ಣ ಸ್ಟುಡಿಯೋ. ಒಂದು ದಿನ ಮದುಮಗಳ ತಾಯಿ ಆಲ್ಬಂ ಜೊತೆಗೆ ಒಂದು ಚೀಲವನ್ನೂ ತಂದರು. ಚೀಲದಿಂದ ರಿಸೆಪ್ಷನ್ ಸೀರೆ ತೆಗೆದು ಫೋಟೋ ಪಕ್ಕ ಹಾಸಿದರು. "ನೋಡಪ್ಪ, ಇದು ರಾಮಾ ಗ್ರೀನು. ನಿನ್ನ ಫೋಟೋದಲ್ಲಿ ಹೊಂಗೆ ಎಲೆ ಥರ ಆಗೈತೆ. ಮಗಳ ಮುಖಕ್ಕೂ ಅರಿಶಿನ ಬಳಿದಂಗೈತೆ" ಅಂದರು. ಅವರು ಹೇಳಿದ್ದು ನಿಜ. ಬಣ್ಣ ಮಾತ್ರ ಅಲ್ಲ, ಇಡೀ ಆಲ್ಬಂ ಒಂದು ಮಟ್ಟ ಕಪ್ಪಾಗಿತ್ತು.

ಆಲ್ಬಂ ಪ್ರಿಂಟ್ ಮಾಡಿದ ಲ್ಯಾಬ್‌ಗೆ ಫೋನ್ ಮಾಡಿದರೆ "ನೀವು ಕಳಿಸಿದ ಫೈಲೇ ಹಾಗಿದೆ" ಎಂದರು. ನಂಬಿಕೆ ಬರಲಿಲ್ಲ. ಅದೇ ಫೈಲನ್ನು ಪೆನ್‌ಡ್ರೈವ್‌ನಲ್ಲಿ ಮೈಸೂರಿನ ಗೆಳೆಯನ ಸ್ಟುಡಿಯೋಗೆ ಒಯ್ದೆ. ಅವನ ಪರದೆಯಲ್ಲೂ ಪ್ರಿಂಟ್‌ನಲ್ಲಿ ಕಂಡದ್ದೇ ಕಂಡಿತು. ತಪ್ಪು ನನ್ನ ಮಾನಿಟರ್‌ನಲ್ಲಿತ್ತು. ಅವನ ಕಲರಿಮೀಟರನ್ನು ಎರಡು ದಿನಕ್ಕೆ ಕೇಳಿ ತಂದೆ. ಕಂಪ್ಯೂಟರ್ ಮೌಸ್‌ನಷ್ಟು ದೊಡ್ಡದು. ಪರದೆಗೆ ಒರಗಿಸಿದರೆ ಬೆಳಕನ್ನೂ ಬಣ್ಣವನ್ನೂ ಅಳೆಯುತ್ತದೆ.

ಮೀಟರ್ ಇಡುವ ಮುಂಚೆ ರೂಮ್ ಸರಿಮಾಡಿದೆ. ನನ್ನ ಕುರ್ಚಿ ಹಿಂದಿನ ಗೋಡೆ ಗಿಳಿಹಸಿರು. ಅದರ ಬಣ್ಣ ಪರದೆ ಮೇಲೆ ಬೀಳುತ್ತಿತ್ತು. ಬೂದು ಬಣ್ಣ ಹೊಡೆಸಿದೆ. ಪಡುವಣ ಕಿಟಕಿಗೆ ದಪ್ಪ ಪರದೆ ಹಾಕಿದೆ. ಕೆಲಸದ ಹೊತ್ತಲ್ಲಿ ಗಾಢ ಬಣ್ಣದ ಶರ್ಟ್ ಕೂಡ ಬಿಟ್ಟೆ.

ಆಮೇಲೆ ಮಾನಿಟರ್ ಮೆನುವಿನಲ್ಲಿ ಡೈನಾಮಿಕ್ ಕಾಂಟ್ರಾಸ್ಟ್, ಕಣ್ಣಿಗೆ ತಂಪು ಎನ್ನುವ ಮೋಡ್, ಕಂಪ್ಯೂಟರ್‌ನಲ್ಲಿ ವಿಂಡೋಸ್‌ನ ನೈಟ್ ಲೈಟ್ ಎಲ್ಲ ಆಫ್ ಮಾಡಿದೆ. ಇವು ಬೆಳಕನ್ನೋ ಬಣ್ಣವನ್ನೋ ತಾವೇ ಬದಲಿಸುತ್ತವೆ, ಆನ್ ಇದ್ದರೆ ಅಳತೆಗೆ ಅರ್ಥವೇ ಇಲ್ಲ. ಮಾನಿಟರನ್ನು ಅರ್ಧ ಗಂಟೆ ಸುಮ್ನೆ ಉರಿಯಲು ಬಿಟ್ಟೆ. ಬೆಳಕು ಒಂದು ಹದಕ್ಕೆ ನಿಲ್ಲಲು ಅಷ್ಟು ಹೊತ್ತು ಬೇಕು. ಪರದೆಯನ್ನು ಸ್ವಲ್ಪ ಹಿಂದಕ್ಕೆ ಬಾಗಿಸಿದರೆ ಮೀಟರ್ ಸಂದಿಲ್ಲದೆ ಕೂರುತ್ತದೆ. ನಾನು ಬಳಸಿದ್ದು ಡಿಸ್‌ಪ್ಲೇಕಾಲ್ ಎಂಬ ಉಚಿತ ಸಾಫ್ಟ್‌ವೇರ್. ಅದರಲ್ಲಿ ಬ್ಯಾಕ್‌ಲೈಟ್ (ಪರದೆ ಹಿಂದಿನ ದೀಪ) ಬಿಳಿ ಎಲ್‌ಇಡಿ ಎಂದು ಆರಿಸಿದೆ.

ಮೊದಲ ಅಳತೆ ನೋಡಿ ಎದೆ ಧಸಕ್ಕೆಂದಿತು. ಬೆಳಕು 240 ನಿಟ್ಸ್ (ಪರದೆಯ ಹೊಳಪಿನ ಅಳತೆ), ಬಿಳಿಯ ತಾಪಮಾನ 7800 ಕೆಲ್ವಿನ್. ಫೋಟೋ ಕೆಲಸಕ್ಕೆ ಸಾಮಾನ್ಯವಾಗಿ 80ರಿಂದ 120 ನಿಟ್ಸ್, 6500 ಕೆಲ್ವಿನ್, ಗಾಮಾ (ಕಪ್ಪು-ಬಿಳಿ ನಡುವಿನ ಛಾಯೆಗಳು ಎಷ್ಟು ಬೆಳಗಬೇಕೆಂಬ ಅಳತೆ) 2.2 ಇಡುತ್ತಾರೆ. ಕೆಲ್ವಿನ್ ಏರಿದಷ್ಟೂ ಬಿಳಿ ನೀಲಿಗೆ ತಿರುಗುತ್ತದೆ. ಈಗ ಎಲ್ಲ ಅರ್ಥವಾಯಿತು. ಪರದೆ ಜಾಸ್ತಿ ಹೊಳೆಯುತ್ತಿದ್ದರಿಂದ ನಾನು ಫೋಟೋ ಕಪ್ಪು ಮಾಡುತ್ತಿದ್ದೆ. ನೀಲಿ ಕಾಣುತ್ತಿದ್ದರಿಂದ ಹಳದಿ ಸುರಿಯುತ್ತಿದ್ದೆ. ಸೀರೆ ಹೊಂಗೆ ಎಲೆ ಆಗದೆ ಇನ್ನೇನಾದೀತು?

ಬ್ರೈಟ್‌ನೆಸ್ ಇಳಿಸಿ 100 ನಿಟ್ಸ್‌ಗೆ ತಂದೆ. ಮಾನಿಟರ್ ಮೆನುವಿನಲ್ಲಿ ಕೆಂಪನ್ನು ಮುಟ್ಟದೆ ನೀಲಿಯನ್ನು ಜಾಸ್ತಿ, ಹಸಿರನ್ನು ಒಂಚೂರು ಇಳಿಸಿ 6500ಕ್ಕೆ ಕೂರಿಸಿದೆ. ಇಷ್ಟು ಕೈಯಲ್ಲೇ ಮಾಡಬೇಕು. ಉಳಿದದ್ದು ಸಾಫ್ಟ್‌ವೇರ್ ಪಾಲು. ಪರದೆ ಮೇಲೆ ಒಂದರ ಹಿಂದೆ ಒಂದು ಬಣ್ಣದ ಚೌಕ ಬರುತ್ತವೆ, ಮೀಟರ್ ಓದುತ್ತದೆ, ಕೊನೆಗೆ ಐಸಿಸಿ ಪ್ರೊಫೈಲ್ (ಈ ಪರದೆ ಬಣ್ಣಗಳನ್ನು ಹೇಗೆ ತೋರಿಸುತ್ತದೆ ಎಂಬ ವಿವರದ ಫೈಲ್) ತಯಾರಾಗುತ್ತದೆ. ಫೋಟೋಶಾಪ್ ಅದನ್ನು ಓದಿಕೊಂಡೇ ಬಣ್ಣ ತೋರಿಸುತ್ತದೆ. ಪ್ರೊಫೈಲನ್ನೇ ಓದದ ಫೋಟೋ ವ್ಯೂವರ್‌ಗಳೂ ಇವೆ, ಅವುಗಳಲ್ಲಿ ಬಣ್ಣ ತೀರ್ಮಾನ ಮಾಡಬೇಡಿ.

ಮೊದಲ ಸಂಜೆ ಪರದೆ ಹಳೇ ಪೇಪರ್ ಥರ ಹಳದಿ, ಮಂಕು ಅನಿಸಿತು. ವಾಪಸ್ ಏರಿಸೋಣ ಎಂದು ಕೈ ತುಡಿಯುತ್ತಿತ್ತು. ದಯವಿಟ್ಟು ಏರಿಸಬೇಡಿ. ಎರಡು ದಿನಕ್ಕೆ ಕಣ್ಣು ಒಗ್ಗಿತು. ಆ ಪ್ರೊಫೈಲ್ ಅಳತೆ ಮಾಡಿದಾಗ ಇದ್ದ ಬ್ರೈಟ್‌ನೆಸ್‌ಗೆ ಮಾತ್ರ ಸರಿ. ಅದಕ್ಕೇ ಬಟನ್ ಮೇಲೆ ಪೇಪರ್ ಟೇಪ್ ಅಂಟಿಸಿದ್ದೇನೆ, ಅದರ ಮೇಲೆ ಅಳತೆ ಮಾಡಿದ ತಾರೀಖು ಬರೆದಿದ್ದೇನೆ. ಈಗ ಸ್ವಂತ ಮೀಟರ್ ಇದೆ, ತಿಂಗಳಿಗೊಮ್ಮೆ ಅಳೆಯುತ್ತೇನೆ.

ಆ ಆಲ್ಬಂ ಫೋಟೋಗಳನ್ನು ಮತ್ತೆ ತಿದ್ದಿ, ನನ್ನ ಖರ್ಚಲ್ಲೇ ಪ್ರಿಂಟ್ ಹಾಕಿಸಿದೆ. ಆ ತಾಯಿ ಮತ್ತೆ ಸೀರೆ ತಂದರು. ಸೀರೆ ಅಂಗಡಿಯಲ್ಲಿ ಬಣ್ಣ ನೋಡಲು ಬಾಗಿಲ ಹತ್ತಿರ ತರುತ್ತಾರಲ್ವಾ, ಹಾಗೇ ಇಬ್ಬರೂ ಹಗಲ ಬೆಳಕಿಗೆ ಹಿಡಿದು ನೋಡಿದೆವು. ಟ್ಯೂಬ್‌ಲೈಟ್ ಕೆಳಗೆ ಹೋಲಿಸಿದರೆ ಎರಡೂ ಬೇರೆ ಕಾಣಬಹುದು. ಮುಖದ ಬಣ್ಣ ಸರಿಯಾಗಿ ಬಂದಿತ್ತು. ಸೀರೆಯಲ್ಲಿ, ಬಿಸಿಲು ಬಿದ್ದ ನೆರಿಗೆಗಳಲ್ಲಿ ಮಾತ್ರ ರೇಷ್ಮೆಯ ಆ ಹೊಳಪು ಒಂದು ಗುಲಗಂಜಿಯಷ್ಟು ಕಮ್ಮಿ. ಲ್ಯಾಬ್‌ಗೆ ನಾವು ಕಳಿಸುವುದು ಎಸ್‌ಆರ್‌ಜಿಬಿ ಫೈಲ್. 1996ರಲ್ಲಿ ಎಚ್‌ಪಿ, ಮೈಕ್ರೋಸಾಫ್ಟ್ ಸೇರಿ ರೂಪಿಸಿದ ಆ ಬಣ್ಣಗಳ ವ್ಯಾಪ್ತಿಯೊಳಗೆ ರಾಮಾ ಗ್ರೀನ್‌ನಂಥ ಹಸಿರು-ನೀಲಿ ನಡುವಿನ ಗಾಢ ಬಣ್ಣಗಳಿಗೆ ಜಾಗ ಕಮ್ಮಿ. ಅದನ್ನೂ ಅವರಿಗೆ ಹೇಳಿದೆ. ಅವರು ನೆರಿಗೆ ಮೇಲೆ ಬೆರಳಾಡಿಸಿ, "ಈಗ ನನ್ನ ಮಗಳ ಸೀರೆನೇ ಕಣಪ್ಪ" ಎಂದು ಸೀರೆ ಮಡಚಿ ಚೀಲಕ್ಕೆ ಹಾಕಿಕೊಂಡರು.