ಇಂಗ್ಲೆಂಡಿನಲ್ಲಿ ಸಂಧಿವಾತದ ಚಿಕಿತ್ಸೆ: ಡಾಕ್ಟರ ಮುಂದೆ ‘ಆರಾಮ ಅದೀನ್ರಿ’ ಅನ್ನಬೇಡಿ

ಕಲಬುರಗಿ, ಬೀದರ್ ಕಡೆ ಕೀಲು ಬಾತರೆ ಫೈಲ್ ಹಿಡಿದು ಸೀದಾ ದೊಡ್ಡ ಡಾಕ್ಟರ ಹತ್ತಿರ ಹೋಗುತ್ತೇವೆ. ಅಲ್ಲಿ ಆಗದಿದ್ದರೆ ಹೈದರಾಬಾದ್, ಸೋಲಾಪುರ. ಇಲ್ಲಿ ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನಲ್ಲಿ ಮೊದಲು ಜಿಪಿ, ಅಂದರೆ ನಿಮ್ಮ ಏರಿಯಾದ ಸಾಮಾನ್ಯ ಡಾಕ್ಟರು. ಅವರು ಬರೆದುಕೊಟ್ಟರೇ ಕೀಲುರೋಗ ತಜ್ಞರು, ಅಂದರೆ ರುಮಟಾಲಜಿಸ್ಟ್. ಸಂಧಿವಾತದ, ಅಂದರೆ ರುಮಟಾಯ್ಡ್ ಆರ್ಥ್ರೈಟಿಸ್‌ನ ಅನುಮಾನವಿದ್ದರೆ 3 ಕೆಲಸದ ದಿನದೊಳಗೆ ಕಳಿಸಬೇಕು, 3 ವಾರದೊಳಗೆ ತಜ್ಞರು ನೋಡಬೇಕು ಎಂಬ ಮಾನದಂಡವಿದೆ. ತಡವಾದರೆ ಫೋನ್ ಮಾಡಿ ಕೇಳಿ, ಸುಮ್ನೆ ಕೂರಬೇಡಿ. ಬೆಳಿಗ್ಗೆ ಬೆರಳು ಎಷ್ಟು ಹೊತ್ತು ಬಿಗಿದಿರುತ್ತೆ, ರೊಟ್ಟಿ ಬಡಿಯಲು ಆಗುತ್ತಾ, ಇದನ್ನೇ ಜಿಪಿಗೆ ಹೇಳಿ. ಬರೀ ‘ಮೈಕೈ ನೋವು’ ಅಂದರೆ ಅವರಿಗೆ ಏನೂ ತಿಳಿಯುವುದಿಲ್ಲ.

ಸಾಮಾನ್ಯವಾಗಿ ಮೊದಲು ಕೊಡುವುದು ರೋಗವನ್ನೇ ಹತೋಟಿಗೆ ತರುವ ಮೆಥೊಟ್ರೆಕ್ಸೇಟ್ ಎಂಬ ಔಷಧಿ. ವಾರಕ್ಕೆ ಒಂದೇ ದಿನ. ದಿನಾ ನುಂಗಿದರೆ ಜೀವಕ್ಕೇ ಅಪಾಯ. ಆಗಾಗ ರಕ್ತ ಪರೀಕ್ಷೆ ಇರುತ್ತೆ. ಊರಿಂದ ತರಿಸಿದ ಭಸ್ಮ, ಲೇಹ್ಯ ತೆಗೆದುಕೊಳ್ಳುತ್ತಿದ್ದರೆ ಮುಚ್ಚಿಡಬೇಡಿ.

ಯಾರಿಗೆ ಯಾವ ಔಷಧಿ ಹಿಡಿಯುತ್ತೆ ಎಂದು ಮೊದಲೇ ಖಚಿತವಾಗಿ ಹೇಳುವ ಪರೀಕ್ಷೆ ಇನ್ನೂ ಬಂದಿಲ್ಲ. ಹಾಗಾಗಿ ಅಳೆದು ನೋಡಿ ಬದಲಾಯಿಸುತ್ತಾರೆ. ಆ ಅಳತೆಯೇ ಡಾಸ್ 28, ರೋಗ ಎಷ್ಟು ಜೋರಾಗಿದೆ ಎಂದು ತೋರಿಸುವ ಅಂಕ. ಬೆರಳು, ಮಣಿಕಟ್ಟು, ಮೊಣಕೈ, ಭುಜ, ಮೊಣಕಾಲು ಸೇರಿ 28 ಕೀಲುಗಳನ್ನು ಒತ್ತಿ ನೋಡುತ್ತಾರೆ. ರಕ್ತದಲ್ಲಿನ ಉರಿಯೂತದ ಅಂಕಿ ಸೇರಿಸುತ್ತಾರೆ. ಆಮೇಲೆ ಒಂದು ಗೆರೆ ತೋರಿಸಿ, ‘ಹೇಗಿದ್ದೀರಿ, ಗುರುತು ಹಾಕಿ’ ಎನ್ನುತ್ತಾರೆ. ನಮ್ಮವರು ಎಡವುವುದು ಇಲ್ಲೇ. ನೋವು ನುಂಗಿಕೊಂಡು ‘ಆರಾಮ ಅದೀನ್ರಿ’ ಅನ್ನುವುದು ನಮಗೆ ರೂಢಿ ಅಲ್ವಾ? ಆ ಗುರುತೂ ಲೆಕ್ಕಕ್ಕೆ ಸೇರುತ್ತೆ, ಆರಾಮ ಅಂದರೆ ಅಂಕ ಇಳಿಯುತ್ತೆ. ಮೆಥೊಟ್ರೆಕ್ಸೇಟ್‌ನಂಥ ಸಾದಾ ಔಷಧಿಗಳು ಕೆಲಸ ಮಾಡದೆ ಅಂಕ 5.1 ದಾಟಿದರೆ ಬಯೋಲಾಜಿಕ್ ಇಂಜೆಕ್ಷನ್‌ಗಳು, ಅಂದರೆ ಜೀವಕೋಶಗಳಿಂದ ತಯಾರಿಸುವ ಔಷಧಿಗಳು ಸಿಗುತ್ತವೆ. 3.2ರಿಂದ 5.1ರ ನಡುವೆ ಇರುವವರಿಗೂ 2021ರಿಂದ ಅಡಾಲಿಮುಮಾಬ್‌ನಂಥ ಕೆಲವು ಬಯೋಲಾಜಿಕ್‌ಗಳಿಗೆ ಅವಕಾಶವಿದೆ. ಹೆಚ್ಚು ಮಾಡಿ ಹೇಳಿ ಅಂತಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿ. ಇನ್ನೊಂದು, ಪಾದದ ಕೀಲುಗಳು ಆ 28ರಲ್ಲಿ ಇಲ್ಲ. ಅಲ್ಲಿ ನೋವಿದ್ದರೆ ನೀವೇ ಶೂ ಬಿಚ್ಚಿ ತೋರಿಸಿ.

ಯಾವ ಬಯೋಲಾಜಿಕ್ ಎನ್ನುವುದು ನಿಮ್ಮ ಮೈ ನೋಡಿ ತೀರ್ಮಾನವಾಗುತ್ತೆ. ಆರ್‌ಎಫ್, ಆಂಟಿ ಸಿಸಿಪಿ ಎಂಬ ರಕ್ತ ಪರೀಕ್ಷೆಗಳು ಪಾಸಿಟಿವ್ ಇದ್ದವರಿಗೆ ರಿಟುಕ್ಸಿಮಾಬ್ ಎಂಬ ಬಯೋಲಾಜಿಕ್ ಹಿಡಿಯುವ ಸಾಧ್ಯತೆ ಜಾಸ್ತಿ. ಮಗು ಬೇಕು ಅನ್ನುವವರಿಗೆ ಔಷಧಿಯೇ ಬೇರೆ, ಆ ಮಾತು ಮೊದಲೇ ಆಡಿ. ಮೈಯಲ್ಲಿ ಅಡಗಿರುವ ಟಿಬಿ ಕೆಲವು ಇಂಜೆಕ್ಷನ್‌ಗಳಿಂದ ತಲೆ ಎತ್ತಬಹುದು. ಮನೆಯಲ್ಲಿ ಯಾರಿಗಾದರೂ ಟಿಬಿ ಆಗಿತ್ತೇ ಎಂದು ಕೇಳಿದರೆ ಸಂಕೋಚ ಬೇಡ.

ರಜೆಗೆ ಊರಿಗೆ ಹೋಗುವಾಗ ಇಂಜೆಕ್ಷನ್ ಕೈಚೀಲದಲ್ಲೇ ಇರಲಿ, ಜೊತೆಗೆ ಆಸ್ಪತ್ರೆಯ ಪತ್ರ. ಅದಕ್ಕೆ 2ರಿಂದ 8 ಡಿಗ್ರಿ ತಂಪು ಬೇಕು. ಕಲಬುರಗಿಯ ಮೇ ತಿಂಗಳ ಬಿಸಿಲು 40 ದಾಟುತ್ತೆ. ಫ್ರಿಜ್‌ನ ನಡುವಿನ ತಟ್ಟೆಯಲ್ಲಿಡಿ, ಐಸ್ ಕಟ್ಟುವ ಜಾಗಕ್ಕೆ ತಾಗಿಸಬೇಡಿ.