ಡೆಸ್ಕ್‌ಟಾಪ್ ಆನ್ ಆಗ್ತಿಲ್ವಾ? ಕರೆಂಟು ಎಲ್ಲಿ ನಿಂತಿದೆ ಹುಡುಕಿ

ಬಟನ್ ಒತ್ತಿದರೆ ಲೈಟೂ ಇಲ್ಲ, ಫ್ಯಾನ್ ಸದ್ದೂ ಇಲ್ಲ. ಇಂಥ ಹೊತ್ತಲ್ಲಿ ‘ಮದರ್‌ಬೋರ್ಡ್ ಹೋಗಿರಬೇಕು’ ಅನ್ನುವವರೇ ಜಾಸ್ತಿ. ಆ ಮಾತು ನಂಬುವ ಮೊದಲು, ಗೋಡೆಯ ಸಾಕೆಟ್‌ನಿಂದ ಮದರ್‌ಬೋರ್ಡ್‌ವರೆಗೆ (ಎಲ್ಲ ಭಾಗಗಳೂ ಬಂದು ಸೇರುವ ಮುಖ್ಯ ಬೋರ್ಡ್) ಕರೆಂಟು ಹೋಗುವ ದಾರಿಯನ್ನು ನೀವೇ ಒಮ್ಮೆ ನೋಡುತ್ತಾ ಹೋಗಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ನಾಲ್ಕು ವಸ್ತು ಒಟ್ಟಿಗೆ ಬದಲಿಸಿದರೆ, ಕಂಪ್ಯೂಟರ್ ಆನ್ ಆದರೂ ತೊಂದರೆ ಯಾವುದರಲ್ಲಿತ್ತು ಅಂತ ಗೊತ್ತಾಗುವುದಿಲ್ಲ.

ಸಾಕೆಟ್‌ನಿಂದ ಶುರು ಮಾಡಿ. ಟೆಸ್ಟರ್ ಇಟ್ಟು ನೋಡಿದರೆ ಸಾಲದು. ನ್ಯೂಟ್ರಲ್ ವೈರ್ ಸಡಿಲವಾಗಿದ್ದರೂ ಟೆಸ್ಟರ್ ಹೊತ್ತಿಕೊಳ್ಳುತ್ತದೆ, ಆದರೆ ಯಾವ ಸಾಮಾನೂ ಓಡುವುದಿಲ್ಲ. ಅದೇ ಸಾಕೆಟ್‌ಗೆ ಒಂದು ಟೇಬಲ್ ಲ್ಯಾಂಪ್ ಹಾಕಿ ನೋಡಿ. ಲ್ಯಾಂಪ್ ಉರಿದರೆ ಯುಪಿಎಸ್, ಎಕ್ಸ್‌ಟೆನ್ಷನ್ ಬಾಕ್ಸ್ ಎರಡನ್ನೂ ಪಕ್ಕಕ್ಕಿಟ್ಟು, ಕಂಪ್ಯೂಟರನ್ನು ನೇರವಾಗಿ ಗೋಡೆಗೇ ಜೋಡಿಸಿ. ಬ್ಯಾಟರಿ ಪೂರ್ತಿ ಸತ್ತ ಯುಪಿಎಸ್‌ಗಳಲ್ಲಿ ಕೆಲವು, ಮನೆಯಲ್ಲಿ ಕರೆಂಟ್ ಇದ್ದರೂ ಆನ್ ಆಗುವುದಿಲ್ಲ. ಎಷ್ಟೋ ಸಲ ಹುಡುಕಾಟ ಇಲ್ಲಿಗೇ ಮುಗಿಯುತ್ತದೆ.

ಇನ್ನು ಕ್ಯಾಬಿನೆಟ್ ಹಿಂಭಾಗ. ಪವರ್ ಕೇಬಲ್ ಅರ್ಧ ಹೊರಗೆ ಬಂದಿರಬಹುದು, ಗಟ್ಟಿಯಾಗಿ ಒತ್ತಿ. ಮಾನಿಟರ್‌ನ ಕೇಬಲ್ ಸಾಮಾನ್ಯವಾಗಿ ಇದೇ ತರದ್ದು, ಅದನ್ನು ಹಾಕಿಯೂ ನೋಡಬಹುದು. ಅಲ್ಲೇ ಇರುವ ಸಣ್ಣ ಸ್ವಿಚ್ ಸೊನ್ನೆಯಂಥ ‘O’ ಗುರುತಿನ ಕಡೆ ಇದ್ದರೆ ಆಫ್, ಗೆರೆ ಗುರುತಿನ ಕಡೆ ಇದ್ದರೆ ಆನ್. ಕಸ ಗುಡಿಸುವಾಗ ಕೈ ತಾಗಿ ಇದು ಆಫ್ ಆಗುವುದುಂಟು. ಹಳೆಯ ಎಸ್‌ಎಂಪಿಎಸ್‌ಗಳಲ್ಲಿ (ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ಕಡಿಮೆ ವೋಲ್ಟಿಗೆ ಇಳಿಸುವ ಡಬ್ಬಿ) 115, 230 ಎಂದು ಬರೆದ ಕೆಂಪು ಸ್ವಿಚ್ ಬೇರೆ ಇರುತ್ತದೆ. ಅದು 230ರಲ್ಲೇ ಇರಬೇಕು. 115ಕ್ಕೆ ತಳ್ಳಿ ನಮ್ಮ ಕರೆಂಟ್ ಕೊಟ್ಟರೆ ಎಸ್‌ಎಂಪಿಎಸ್ ಸುಟ್ಟೇ ಹೋಗುತ್ತದೆ.

ಇಷ್ಟೂ ಸರಿ ಇದ್ದರೆ ಕೇಬಲ್ ಕಿತ್ತು, ಪವರ್ ಬಟನ್ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಒಳಗೆ ಉಳಿದ ಚಾರ್ಜ್ ಇಳಿಯುತ್ತದೆ. ಮತ್ತೆ ಕೇಬಲ್ ಹಾಕಿ ಆನ್ ಮಾಡಿ. ಕರೆಂಟ್ ಹೋಗಿ ಬಂದು ಆದ ಮೇಲೆ ಸತ್ತಂತೆ ಬಿದ್ದ ಕಂಪ್ಯೂಟರ್ ಕೆಲವೊಮ್ಮೆ ಇಷ್ಟಕ್ಕೇ ಏಳುತ್ತದೆ.

ಏಳಲಿಲ್ಲವಾ? ಕೇಬಲ್ ಹಾಕಿಟ್ಟುಕೊಂಡೇ ಪಕ್ಕದ ಬಾಗಿಲು ತೆಗೆದು, ಏನನ್ನೂ ಮುಟ್ಟದೆ ಮದರ್‌ಬೋರ್ಡ್ ನೋಡಿ. ಹಲವು ಬೋರ್ಡ್‌ಗಳಲ್ಲಿ, ಕಂಪ್ಯೂಟರ್ ಆಫ್ ಇದ್ದಾಗಲೂ ಒಂದು ಪುಟ್ಟ ದೀಪ ಉರಿಯುತ್ತಿರುತ್ತದೆ. ಎಸ್‌ಎಂಪಿಎಸ್ ನೇರಳೆ ವೈರಿನ ಮೂಲಕ ಸದಾ ಕಳಿಸುವ 5 ವೋಲ್ಟ್ ಬೋರ್ಡಿಗೆ ತಲುಪುತ್ತಿದೆ ಅಂತ ಅರ್ಥ. ದೀಪ ಇದ್ದರೆ ಅನುಮಾನ ಮುಂಭಾಗದ ಬಟನ್ ಮೇಲೆ. ಬಟನ್‌ನಿಂದ ಬಂದ ಎರಡು ತೆಳು ವೈರುಗಳು ಬೋರ್ಡಿನ ಮೂಲೆಯ ಪಿನ್‌ಗಳಿಗೆ ಸೇರುತ್ತವೆ. ಪ್ಲಗ್ ಕಿತ್ತು, ಪಕ್ಕದ ರೀಸೆಟ್ ಬಟನ್‌ನ ಕನೆಕ್ಟರನ್ನು ಆ ಎರಡು ಪಿನ್‌ಗೆ ಹಾಕಿ, ಮತ್ತೆ ಪ್ಲಗ್ ಹಾಕಿ ರೀಸೆಟ್ ಒತ್ತಿ. ಆನ್ ಆದರೆ ಹೋಗಿರುವುದು ಬಟನ್ ಅಷ್ಟೇ. ಈ ಕನೆಕ್ಟರ್ ಬದಲಿಸುವಾಗಲೂ, ಮುಂದೆ ಒಳಗೆ ಕೈ ಹಾಕುವಾಗಲೆಲ್ಲ ಮೊದಲು ಗೋಡೆಯ ಪ್ಲಗ್ ಕೀಳಿ, ಬೋರ್ಡಿನ ದೀಪ ಆರುವವರೆಗೆ ಕಾಯಿರಿ, ಕ್ಯಾಬಿನೆಟ್‌ನ ಬರಿ ಲೋಹ ಮುಟ್ಟಿ ಮೈಯ ಸ್ಟ್ಯಾಟಿಕ್ ಇಳಿಸಿಕೊಳ್ಳಿ.

ದೀಪವೇ ಇಲ್ಲದಿದ್ದರೆ ಎಸ್‌ಎಂಪಿಎಸ್ ಪರೀಕ್ಷಿಸಬೇಕು. ಪ್ಲಗ್ ಕಿತ್ತು, ಅದರ ಎಲ್ಲ ಕನೆಕ್ಟರ್‌ಗಳನ್ನೂ ಬಿಡಿಸಿ. 24 ಪಿನ್‌ನ ದೊಡ್ಡ ಕನೆಕ್ಟರ್‌ನಲ್ಲಿ ಹಸಿರು ವೈರ್ ಒಂದೇ ಇರುತ್ತದೆ. ಅದನ್ನೂ ಯಾವುದಾದರೊಂದು ಕಪ್ಪು ವೈರನ್ನೂ ಬಗ್ಗಿಸಿದ ಪೇಪರ್ ಕ್ಲಿಪ್‌ನಿಂದ ಸೇರಿಸಿ, ಆಮೇಲೆ ಪ್ಲಗ್ ಹಾಕಿ. ಸಾಮಾನ್ಯವಾಗಿ ಎಸ್‌ಎಂಪಿಎಸ್‌ನ ಫ್ಯಾನ್ ತಿರುಗಬೇಕು. ತಿರುಗಿದ ಮಾತ್ರಕ್ಕೆ ಎಲ್ಲ ಸರಿ ಅಂತಲ್ಲ. ಮಲ್ಟಿಮೀಟರ್ ಇದ್ದರೆ ಹಳದಿ ವೈರ್ 11.4ರಿಂದ 12.6 ವೋಲ್ಟ್, ಕೆಂಪು 4.75ರಿಂದ 5.25 ವೋಲ್ಟ್ ತೋರಿಸಬೇಕು. ವೈರುಗಳೆಲ್ಲ ಕಪ್ಪು ಬಣ್ಣದವಾಗಿದ್ದರೆ, ಅಥವಾ ಕಂಪನಿ ಜೋಡಿಸಿದ ಡೆಸ್ಕ್‌ಟಾಪ್‌ನಲ್ಲಿ ಕನೆಕ್ಟರ್ ಬೇರೆ ತರ ಇದ್ದರೆ ಈ ಪರೀಕ್ಷೆ ಬೇಡ. ಎಸ್‌ಎಂಪಿಎಸ್ ಡಬ್ಬಿಯನ್ನಂತೂ ಯಾವ ಕಾರಣಕ್ಕೂ ಬಿಚ್ಚಬೇಡಿ. ಚಾರ್ಜ್ ಹಿಡಿದಿಡುವ ಅದರ ಕೆಪಾಸಿಟರ್‌ಗಳಲ್ಲಿ, ಪ್ಲಗ್ ತೆಗೆದ ಮೇಲೂ 300 ವೋಲ್ಟ್‌ಗಿಂತ ಹೆಚ್ಚು ಉಳಿದಿರಬಹುದು. ಕೆಟ್ಟಿದ್ದರೆ ಪೂರ್ತಿ ಬದಲಿಸುವುದೇ ಸರಿ. ಹೆಸರಿಲ್ಲದ ಅಗ್ಗದ ಮಾಲು ಮಾತ್ರ ತರಬೇಡಿ. ಅದು ಹೋಗುವಾಗ ಬೋರ್ಡನ್ನೂ ಕರೆದುಕೊಂಡು ಹೋಗಬಹುದು.

ಎಲ್ಲ ಮತ್ತೆ ಜೋಡಿಸಿ ಪವರ್ ಬಟನ್ ಒತ್ತಿದಾಗ ಫ್ಯಾನ್ ಒಂದು ಸುತ್ತು ತಿರುಗಿ ನಿಂತರೆ ಎಲ್ಲೋ ಶಾರ್ಟ್ ಆಗಿರಬಹುದು. ಗ್ರಾಫಿಕ್ಸ್ ಕಾರ್ಡ್, ಡಿಸ್ಕ್, ಯುಎಸ್‌ಬಿ ಸಾಮಾನುಗಳನ್ನು ಒಂದೊಂದೇ ತೆಗೆದು ನೋಡಿ. ಫ್ಯಾನ್ ತಿರುಗುತ್ತಲೇ ಇದ್ದು ಪರದೆ ಮಾತ್ರ ಕಪ್ಪಗಿದ್ದರೆ ರ‍್ಯಾಮ್ ಅನ್ನುವ ಮೆಮೊರಿ ಪಟ್ಟಿ ತೆಗೆದು, ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರ್‌ನಿಂದ ಹಗುರವಾಗಿ ಉಜ್ಜಿ, ಪುಡಿ ಊದಿ, ಕ್ಲಿಕ್ ಅನ್ನುವವರೆಗೆ ಕೂರಿಸಿ. ಬೋರ್ಡಿನ ಮೇಲಿನ ಕೆಪಾಸಿಟರ್‌ಗಳ ತಲೆ ಉಬ್ಬಿದ್ದರೆ ಅದು ಸರ್ವಿಸ್ ಅಂಗಡಿಯ ಕೆಲಸ.

ಕ್ಯಾಬಿನೆಟ್ ಮುಟ್ಟಿದಾಗ ಕೈ ಜುಮ್ ಅನ್ನುತ್ತಿತ್ತಾ? ಹಾಗಿದ್ದರೆ ಮನೆಯ ಅರ್ಥಿಂಗ್ ಸರಿ ಇಲ್ಲದಿರಬಹುದು. ಎಲೆಕ್ಟ್ರಿಷಿಯನ್ ಕರೆಸದೆ ಹೊಸ ಎಸ್‌ಎಂಪಿಎಸ್ ಹಾಕಿಸಬೇಡಿ.

ಅಂಗಡಿಗೆ ಒಯ್ಯಲೇಬೇಕಾದರೆ ನೀವು ನೋಡಿದ್ದನ್ನೆಲ್ಲ ಚೀಟಿಯಲ್ಲಿ ಬರೆದು ಕೊಡಿ. ಪವರ್ರೇ ಬರದ ಕಂಪ್ಯೂಟರಿಗೆ ವಿಂಡೋಸ್ ಹೊಸದಾಗಿ ಹಾಕಿ ಏನೂ ಆಗಬೇಕಿಲ್ಲ, ಹಾಗಾಗಿ ‘ಫಾರ್ಮ್ಯಾಟ್ ಮಾಡಬೇಕು’ ಅಂದರೆ ಒಪ್ಪಬೇಡಿ. ನಿಮ್ಮ ಫೋಟೊ, ಲೆಕ್ಕ, ಮಕ್ಕಳ ಪ್ರಾಜೆಕ್ಟು ಡಿಸ್ಕಿನಲ್ಲಿ ಹಾಗೇ ಇರುವ ಸಾಧ್ಯತೆಯೇ ಹೆಚ್ಚು. ಡಿಸ್ಕ್ ಬಿಚ್ಚಿ ಮನೆಯಲ್ಲೇ ಇಟ್ಟುಕೊಂಡು, ಉಳಿದದ್ದನ್ನಷ್ಟೇ ರಿಪೇರಿಗೆ ಕೊಡಬಹುದು.